ಕೀಲಿ ಹಾಕಿದ ಹೊಲಸು ನೀರು

ನಮ್ಮೂರ ಶುದ್ಧ ನೀರಿನ ಘಟಕ ನೋಡಿಕೊಳ್ಳುವ ಕೆಲಸ ನನ್ನದು. ಕೆಲಸವೆಂದರೆ ಬೆಳಿಗ್ಗೆ ಬಟನ್ ಒತ್ತುವುದು, ಸಂಜೆ ಬಟನ್ ಒತ್ತುವುದು, ನಡುವೆ ಜನರ ಬೈಗುಳ ತಿನ್ನುವುದು. ಉಗಾರದ ಕಡೆಯ ಊರು, ಸುತ್ತಲೂ ಕಬ್ಬು. ಬೀಗರ ಎಲೆಗೆ ಹೋಳಿಗೆ ಬಡಿಸಿದಂತೆ ನಾವು ಕಬ್ಬಿಗೆ ಯೂರಿಯಾ ಹಾಕುತ್ತೇವೆ, ಸಾಕೆಂದರೂ ಬಿಡುವುದಿಲ್ಲ. ಕಬ್ಬು ಉಂಡು ಬಿಟ್ಟದ್ದು ನೆಲದೊಳಗೆ ಇಳಿದು ಬೋರಿನ ನೀರು ಸೇರಿತು. ಪರೀಕ್ಷೆ ಮಾಡಿದವರು ಅದನ್ನು ನೈಟ್ರೇಟ್ ಎಂದು ಕರೆದು, ಈ ಘಟಕ ಕೂಡಿಸಿ ಹೋದರು.

ಯಂತ್ರ ಮುಂದಿನ ನಳದಲ್ಲಿ ಒಳ್ಳೆಯ ನೀರು ಕೊಡುತ್ತದೆ. ಸೋಸಿದ ನೈಟ್ರೇಟೆಲ್ಲ ಸೇರಿಕೊಂಡ ಹೊಲಸು ನೀರನ್ನು ಹಿಂದಿನ ಪೈಪಿನಿಂದ ಗಟಾರಕ್ಕೆ ಬಿಡುತ್ತದೆ. ಒಳ್ಳೆಯ ನೀರನ್ನು ಊರವರು ಎರಡು ವಾರ ಕುಡಿದು, ಸಪ್ಪಗಿದೆ ಎಂದು ಮತ್ತೆ ಬೋರಿಗೇ ಹೋದರು. ನಾನು ಮಾತ್ರ ದಿನಾ ಎರಡು ಕೊಡ ಮನೆಗೆ ಒಯ್ಯುತ್ತಿದ್ದೆ. ತಂಗಿ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಕೂಸಿಗೆ ಡಬ್ಬಿ ಹಾಲು ನಡೆದಿತ್ತು. ಆಸ್ಪತ್ರೆಯ ನರ್ಸಬಾಯಿ ಖಡಾಖಂಡಿತ ಹೇಳಿದ್ದರು:

"ಬೋರಿನ ನೀರಾಗ ಹಾಲಿನ ಪುಡಿ ಕಲಸಬ್ಯಾಡ್ರಿ. ಸಣ್ಣ ಕೂಸಿಗಿ ಉಸರಿನ ತ್ರಾಸ ಆಗಿ ಮೈ ನೀಲಿ ಆಗತೈತಿ."

ಅಷ್ಟರಲ್ಲಿ ಗಟಾರದ ಬದಿಯಲ್ಲಿದ್ದ ನಮ್ಮ ಕಾಕಾನ ಕಬ್ಬು ಕಪ್ಪುಹಸಿರಾಗಿ ಎದ್ದು ನಿಂತಿತು. ಅಪ್ಪನ ತಮ್ಮನಾದ ಈ ಕಾಕಾ ಮಹಾ ಚಾಣಾಕ್ಷ. ಗಟಾರದ ನೀರಿಗೆ ಹೊಳೆಯ ನೀರು ಬೆರೆಸಿ ಹಾಯಿಸಿ, ಯೂರಿಯಾ ಅರ್ಧಕ್ಕೆ ಇಳಿಸಿದ್ದ.

"ನಾವ ಹಾಕಿದ್ದ ಯೂರಿಯಾನ ಲೇ ಇದು," ಅಂದ. "ಬೋರಿಗಿ ಹೋಗಿ, ನಿನ್ನ ಮಷೀನ್ಯಾಗ ಹಾದು, ವಾಪಸ್ ಮನಿಗಿ ಬಂದೈತಿ."

ಗುಟ್ಟು ಹಬ್ಬಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವಂತೆ ಗಟಾರಕ್ಕೂ ಒಂದು ಕಾಲ ಬಂತು. ಒಳ್ಳೆಯ ನೀರಿನ ನಳದ ಮುಂದೆ ನಾಯಿ ಮಲಗಿತ್ತು. ಹಿಂದಿನ ಪೈಪಿಗೆ ಬ್ಯಾರಲ್ ಹಿಡಿದು ಅಣ್ಣತಮ್ಮಂದಿರೇ ಕೊರಳಪಟ್ಟಿ ಹಿಡಿದುಕೊಂಡರು. ಕೊನೆಗೆ ಹಿರಿಯರು ಕೂತು, ಹೊಲಸು ನೀರಿಗೆ ಟಾಕಿ ಕಟ್ಟಿಸಿ, ಕಾಲುವೆಯ ನೀರಿನ ಹಾಗೆ ಅದಕ್ಕೂ ಪಾಳಿ ಹಚ್ಚಿ, ಟಾಕಿಯ ನಳಕ್ಕೆ ಕೀಲಿ ಜಡಿದು, ಕೀಲಿಕೈ ನನಗೆ ಕೊಟ್ಟರು. ಇಪ್ಪತ್ತು ಎಕರೆಯವರೂ ನನಗೆ ನಮಸ್ಕಾರ ಹಾಕತೊಡಗಿದರು. ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಮನೆಗೆ ಬಂದರೆ ಕೀಲಿಕೈಯನ್ನು ದೇವರ ಜಗುಲಿಯ ಮೇಲೆ ಇಡುತ್ತಿದ್ದೆ.

ಒಂದು ಬೆಳಿಗ್ಗೆ ಜ್ವರ ಬಂದು ಮಲಗಿದ್ದೆ. ಅವ್ವ ತಾನೇ ಹೋಗಿ ನೀರು ತಂದಳು. ನಾನು ಎದ್ದು ಅಡುಗೆಮನೆಗೆ ಬಂದಾಗ ತಂಗಿ ಬಾಟಲಿಯಲ್ಲಿ ಹಾಲು ಕಲಸಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅವ್ವನ ಸೆರಗಿನ ತುದಿಯಲ್ಲಿ ಕೀಲಿಕೈ ಗಂಟು ಹಾಕಿತ್ತು. ಬಾಟಲಿ ಕಸಿದುಕೊಂಡೆ. ಪಾತ್ರೆಯ ನೀರನ್ನು ನಾಲಿಗೆಗೆ ಹಚ್ಚಿದೆ, ಉಪ್ಪುಪ್ಪು.

"ಇದ ಯಾವ ನಳದ್ದ ಬೇ?"

"ಕೀಲಿ ಹಾಕಿದ ನಳದ್ದ," ಅಂದಳು ಅವ್ವ ಸಮಾಧಾನವಾಗಿ. "ಮೂರ ಸಲ ಕುದಿಸೇನಿ."

ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಬತ್ತಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಾಯಿಗೆ ಬಂದಂತೆ ಕೂಗಾಡಿದೆ. ಅವ್ವ ಎಲ್ಲವನ್ನೂ ಕೇಳಿ ಮೆಲ್ಲಗೆ ಅಂದಳು:

"ತುಪ್ಪದ ಗಡಿಗಿಗಿ ಕೀಲಿ ಹಾಕ್ತಾರಪಾ, ಮಜ್ಜಿಗಿ ಗಡಿಗಿಗಿ ಯಾರ ಹಾಕ್ತಾರ? ದೊಡ್ಡ ದೊಡ್ಡ ಮಂದಿ ಆ ನೀರಿಗಿ ಕೈ ಕಟ್ಟಿ ನಿಂದರತಾರ. ಒಳ್ಳೇದ ಅಲ್ಲಂದ್ರ ನೀ ಯಾಕ ದೇವರ ಮುಂದ ಇಡ್ತಿದ್ದಿ?"

ಸಿಟ್ಟು ನನ್ನ ಮೇಲೆಯೇ ತಿರುಗಿತು. ಕೂಸು ಒಂದು ಹನಿಯೂ ಕುಡಿದಿರಲಿಲ್ಲ. ಆದರೂ ಅವ್ವ ಆ ದಿನವೆಲ್ಲ ಅದರ ಉಗುರು ನೀಲಿಯಾದಾವೇನೋ ಎಂದು ನೋಡುತ್ತ ಕೂತಳು. ಪಾತ್ರೆಯ ನೀರನ್ನು ಮಾತ್ರ ಚೆಲ್ಲಲಿಲ್ಲ, ಹಿತ್ತಲಿನ ಬದನೆ ಗಿಡಕ್ಕೆ ಹಾಕಿದಳು.

ಮರುದಿನ ಜ್ವರದಲ್ಲೇ ಹೋಗಿ ಒಳ್ಳೆಯ ನೀರಿನ ನಳಕ್ಕೂ ಕೀಲಿ ಜಡಿದೆ, ಟಾಕಿಯದಕ್ಕಿಂತ ದೊಡ್ಡದು. ಸಂಜೆಯೊಳಗೆ ಊರೆಲ್ಲ ಕೊಡ ಹಿಡಿದು ಪಾಳಿ ಹಚ್ಚಿ ನಿಂತಿತ್ತು. "ಇದರಾಗೇನ ಹಾಕಿದಿ ಲೇ?" ಎಂದು ಕಾಕಾ ಕಿವಿಯಲ್ಲಿ ಕೇಳಿದ.

ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ಅವ್ವ. ನಾನು ಕೀಲಿ ತೆಗೆದಾಗ ಅವಳು ಅದರ ಕಡೆ ನೋಡಲೇ ಇಲ್ಲ. ನಳಕ್ಕೆ ಬೊಗಸೆ ಒಡ್ಡಿ ಒಂದು ಗುಟುಕು ಕುಡಿದು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು.

"ಸಪ್ಪಗ ಐತಿ," ಅಂದಳು. "ತುಂಬು, ಕೂಸಿಂದು ಇದ."