ಖಾಲಿ ಮರಳುವ ಕಣ್ಣು

ಬೀದರಿನ ಚೌಬಾರ ಗೋಪುರದ ಬಳಿ ಗೋಡೆಗೆ ಹೊಸದಾಗಿ ಅಂಟಿಸಿದ ಸರ್ಕಾರಿ ಜಾಹೀರನಾಮೆಯ ಮುಂದೆ ಇಂದು ನಿಂತಿದ್ದೆ. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ಉರ್ದು, ಕೆಳಗೆ ಕನ್ನಡ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಇಳಿಯುವಾಗ ಕಣ್ಣು ಅರೆಗಳಿಗೆ ತಡವರಿಸಿತು, ಒಬ್ಬನೇ ನಕ್ಕೆ. ಚರ್ಚಾಕೂಟದಲ್ಲಿ ಎಲ್ಲರ ಬಾಯಿ ಮುಚ್ಚಿಸುವ ನಾನು ಮೊದಲ ವಾದ ಸೋತದ್ದು ಈ ಕಣ್ಣಿನ ವಿಷಯಕ್ಕೇ, ನೋಡಿ.

ಆಗ ನನಗೆ ಎಂಟು ವರ್ಷ. ಸಾಯಗಾಂವದಿಂದ ಭಾಲ್ಕಿಗೆ ಓದಲು ಬಂದು ಅತ್ತೆಯ ಮನೆಯಲ್ಲಿದ್ದೆ. ಹಗಲು ಶಾಲೆಯಲ್ಲಿ ಬಲದಿಂದ ಎಡಕ್ಕೆ ಉರ್ದು, ಸಂಜೆ ಮಾಸ್ತರರ ಪಡಸಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ. ನಾನು ಎರಡನ್ನೂ ರಾಜಿ ಮಾಡಿಸಿದ್ದೆ: ಕನ್ನಡದ ಮೊದಲ ಸಾಲನ್ನು ಎಡದಿಂದ ಓದಿ, ಕೊನೆ ಮುಟ್ಟಿದ ಕಣ್ಣನ್ನು ಅಲ್ಲೇ ಕೆಳಗಿಳಿಸಿ, ಎರಡನೆಯದನ್ನು ಬಲದಿಂದ ಓದುತ್ತಿದ್ದೆ. ಎರಡನೆಯ ಸಾಲಿನ ‘ಅವ್ವ ಹಾಲು ಕರೆದಳು’ ಎಂಬುದು ‘ಕರೆದಳು ಹಾಲು ಅವ್ವ’ ಆಗುತ್ತಿತ್ತು.

ಹುಡುಗನಿಗೆ ಓದು ಹತ್ತುವುದಿಲ್ಲ, ಕರೆದುಕೊಂಡು ಹೋಗಿ ಎಂದು ಮಾಸ್ತರರು ಊರಿಗೆ ಹೇಳಿ ಕಳಿಸಿದರು. ಅಪ್ಪ ಬಂಡಿ ಕಟ್ಟಿಕೊಂಡೇ ಬಂದ. ನನ್ನ ಹಾಸಿಗೆ ಬಂಡಿ ಏರಿತು. ನನಗೋ, ಓದಿನ ರುಚಿ ಹತ್ತಿಬಿಟ್ಟಿತ್ತು; ಹೋಗಲು ಕಾಲೇ ಏಳಲೊಲ್ಲದು.

ಕಡೆಯ ಸಲವೆಂದು ಮಾಸ್ತರರು ಪುಸ್ತಕ ತೆರೆದರು. ಮತ್ತೆ ಹಾಗೆಯೇ ಓದಿದೆ.

“ಹಾಲು ನಿಮ್ಮವ್ವನ್ನ ಕರೀತದೇನಲೇ?” ಎಂದರು.

“ಅಲ್ರೀ ಮಾಸ್ತರ್, ಹೊಲ ಹೊಡಿಯೋ ಎತ್ತು ತುದಿ ಮುಟ್ಟಿದ ಮ್ಯಾಲ ಅಲ್ಲೇ ಹೊಳ್ಳಿ ಮುಂದಿನ ಸಾಲು ಹಿಡೀತಾವ. ಖಾಲಿ ಮೊದಲಿನ ತುದಿಗಿ ಹೋಗ್ತಾವೇನ್ರೀ? ಅದೂ ಸಾಲು, ಇದೂ ಸಾಲು. ಕಣ್ಣು ಯಾಕ ಹೋಗಬೇಕು?”

ಉತ್ತರ ಬಂದದ್ದು ಮಾಸ್ತರರಿಂದಲ್ಲ; ಬಾಗಿಲಲ್ಲಿ ನಿಂತಿದ್ದ, ಅಕ್ಷರದ ಗಂಧವಿಲ್ಲದ ಅಪ್ಪನಿಂದ.

“ಲೇ ವಕೀಲ, ಬಾವಿ ಮ್ಯಾಲ ನೀರೆತ್ತೋ ಕಪಿಲಿ ಎತ್ತು ನೋಡಿಲ್ಲೇನು? ಮುಂದ ಜಗ್ಗಿದಾಗ ತೊಗಲ ಚೀಲ ತುಂಬಿ ಬರ್ತದ. ಆಮ್ಯಾಲ ಹಿಂದ ಹಿಂದ ಖಾಲೀನೇ ಬಂದು ಮೊದಲಿನ ಜಾಗಾಕ್ಕ ನಿಂದರ್ತಾವ. ಇಲ್ಲಂದ್ರ ಎರಡನೇ ಚೀಲ ಹ್ಯಾಂಗ ಬರಬೇಕು?”

ಹೊಲ ಬೇರೆ, ಬಾವಿ ಬೇರೆ ಎನ್ನಬಹುದಿತ್ತು. ಅದು ಹೊಳೆದದ್ದು ಹತ್ತು ವರ್ಷದ ಮೇಲೆ. ಅಂದು ಬೆರಳಿಟ್ಟು ಒಂದು ಸಾಲು ಜಗ್ಗಿದೆ. ಖಾಲಿ ಕಣ್ಣನ್ನು ಹಿಂದಕ್ಕೆ ತಂದು ನಿಲ್ಲಿಸಿದೆ. ಇನ್ನೊಂದು ಜಗ್ಗಿದೆ. ಅವ್ವ ಹಾಲು ಕರೆದಳು! ಪುಟವೇ ಮುಗಿಯಿತು.

“ಹಾಸಿಗಿ ಇಳಸ್ರಿ,” ಎಂದರು ಮಾಸ್ತರರು.

ಅಂದಿನಿಂದ ನೀನೂ ಓದು ಕಲಿ ಎಂದು ಅಪ್ಪನೊಡನೆ ಎಷ್ಟು ವಾದಿಸಿದ್ದೇನೋ. “ನನಗ್ಯಾಕೋ? ನೀ ಓದು, ನಾ ತಪ್ಪು ಹಿಡೀತೇನಿ,” ಎನ್ನುತ್ತಾನೆ. ಇಂದು ಆ ಗೋಡೆಯ ಮುಂದೆಯೇ ವಾದ ಬಿಡುವುದೆಂದು ತೀರ್ಮಾನಿಸಿದೆ. ನಾಳೆ ಊರಿಗೆ ಹೋಗಿ ಅವನ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ, ಬೇಕೆಂದೇ ತಪ್ಪು ತಪ್ಪಾಗಿ. ತಪ್ಪು ಹಿಡಿಯಬೇಕೆಂದರೆ ಅವನು ಪುಸ್ತಕದೊಳಗೆ ಇಣುಕಲೇಬೇಕಲ್ಲ.