ಚಿಕ್ಕಮ್ಮನ ಮೂಗಿನ ಪರೀಕ್ಷೆ

ಕಾರು ಗುದ್ದಿದಾಗ ನಮ್ಮ ಚಿಕ್ಕಮ್ಮನಿಗೆ ಮುರಿದದ್ದು ಎಡಗೈ ಮೂಳೆ ಒಂದೇ. ಅದು ಕೂಡಿಕೊಂಡಿತು. ಫುಟ್‌ಪಾತಿನ ಅಂಚಿಗೆ ಬಡಿದ ತಲೆಗೆ ಹಾಕಿದ ಹೊಲಿಗೆಯೂ ಒಣಗಿತು. ಎಲ್ಲ ಸರಿಹೋಯಿತು ಎಂದು ನಾವು ಉಸಿರು ಬಿಡುವಷ್ಟರಲ್ಲಿ ಒಂದು ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಹೊತ್ತಿ ಕರಕಲಾಗಿ, ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಚಿಕ್ಕಮ್ಮ ಅದೇ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಲೋಟ ಒರೆಸುತ್ತ ನಿಂತಿದ್ದಳು. ಅವಳಿಗೆ ವಾಸನೆ ಗೊತ್ತಾಗುತ್ತಿಲ್ಲ ಎಂಬುದು ನಮಗೆ ತಿಳಿದದ್ದೇ ಹಾಗೆ.

ಬೇರೆಯವರ ಮೂಗಾಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಚಿಕ್ಕಮ್ಮ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವಳು. ಉಳಿದವರು ಗಡಿಯಾರ ನೋಡಿ ಬ್ರೆಡ್ಡಿನ ತಟ್ಟೆ ಹೊರಗೆಳೆದರೆ ಇವಳು ಬಾಗಿಲು ಮುಚ್ಚಿದ ಒಲೆಯ ಮುಂದೆ ಮೂಗು ಅರಳಿಸಿ, “ಕೆಳಗಿಂದು ತೆಗೀರೋ, ಮೇಲಿಂದು ಇನ್ನೂ ಹಸಿ” ಎನ್ನುತ್ತಿದ್ದಳು. ಹಳಸಲು ಬೆಣ್ಣೆಯನ್ನು ಹೊಸದರ ಜೊತೆ ಬೆರೆಸಲು ಹೊಂಚುಹಾಕುತ್ತಿದ್ದ ಯಜಮಾನ ಕೂಡ ಇವಳಿದ್ದಾಗ ಬಾಲ ಮುದುರಿಕೊಳ್ಳುತ್ತಿದ್ದ. ಈಗ ಎರಡು ಸಲ ಒಲೆತುಂಬ ಬ್ರೆಡ್ಡು ಸೀದುಹೋದ ಮೇಲೆ, ಅದೇ ಯಜಮಾನ ಅವಳ ಮುಖ ನೋಡದೆ, “ಸ್ವಲ್ಪ ದಿನ ಪ್ಯಾಕಿಂಗಲ್ಲಿರು” ಎಂದ. ಕೆಲಸ ಇಳಿಯಿತು, ಸಂಬಳವೂ ಇಳಿಯಿತು.

ಕಾರಿನವನ ವಿಮೆ ಕಂಪನಿ ಮುರಿದ ಕೈಗೆ ಪರಿಹಾರ ಕೊಡಲು ಒಪ್ಪಿತು. ಮೂಗಿನ ಮಾತೆತ್ತಿದರೆ ಮಾತ್ರ, ಗಾಯ ಎಲ್ಲಿದೆ ತೋರಿಸಿ ಎಂದು ಪಟ್ಟು ಹಿಡಿಯಿತು. ಏನು ತೋರಿಸುವುದು? ಮೂಗು ಮುಖದ ಮೇಲೆ ಮೊದಲಿನ ಹಾಗೇ ನೆಟ್ಟಗೆ ಕೂತಿತ್ತು. ನಮ್ಮ ವಕೀಲರು ಓಡಾಡಿ, ದೊಡ್ಡಾಸ್ಪತ್ರೆಯ ಮೂಗಿನ ಡಾಕ್ಟರಮ್ಮ ಪರೀಕ್ಷೆ ಮಾಡಲಿ ಎಂದು ನ್ಯಾಯಾಲಯದಿಂದ ಹೇಳಿಸಿದರು. ಆಕೆ ಹೇಳಿದ್ದೇ ಕೊನೆಯ ಮಾತು. ಆಕೆ ಇಲ್ಲವೆಂದರೆ ಚಿಕ್ಕಮ್ಮ ಸುಳ್ಳಿ, ಅಷ್ಟೇ.

ಇಲ್ಲಿ ನಮ್ಮ ಚಿಕ್ಕಪ್ಪ ಮೂಗು ತೂರಿಸಿದರು. ಚಿಕ್ಕಪ್ಪನದು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ. ಇಡೀ ಲೋಕವೇ ಟಿಕೆಟ್ಟಿಲ್ಲದೆ ಓಡಾಡುತ್ತಿದೆ ಎಂಬ ಗುಮಾನಿ ಅವರಿಗೆ. ಅವರ ಸ್ನೇಹಿತನೊಬ್ಬ ಕತ್ತು ತಿರುಗುವುದಿಲ್ಲವೆಂದು ಪರಿಹಾರ ಕೇಳಿದ್ದನಂತೆ. ಕಂಪನಿಯವರು ಹಿಂದಿನಿಂದ ಹೆಸರು ಹಿಡಿದು ಕೂಗಿದರಂತೆ. ಮಹಾನುಭಾವ ಗಕ್ಕನೆ ತಿರುಗಿ “ಏನ್ ಸಾರ್?” ಎಂದನಂತೆ.

“ಅವ್ರು ಏನಾದ್ರೂ ಒಂದು ಕಿತಾಪತಿ ಮಾಡೇ ಮಾಡ್ತಾರೆ. ಏನ್ ಹಿಡಿದ್ರೂ ಕಲ್ಲಿನ ಹಾಗೆ ಕೂತಿರ್ಬೇಕು. ಉಸಿರೇ ಎಳ್ಕೋಬೇಡ” ಎಂದು ಚಿಕ್ಕಪ್ಪ ತಾಕೀತು ಮಾಡಿದರು.

“ನಂಗೆ ಗೊತ್ತಾಗಲ್ಲ ಅನ್ನೋದು ನಿಜ ತಾನೇ? ನಾಟಕ ಯಾಕೆ?” ಎಂದಳು ಚಿಕ್ಕಮ್ಮ.

“ನಿಜಾನೇ ಕಣೇ. ಆದ್ರೂ ಹುಷಾರಾಗಿರ್ಬೇಕು.”

ನಾನು ಪಕ್ಕದಲ್ಲೇ ಇದ್ದೆ. ಬೇರೆ ವಿಷಯಕ್ಕೆಲ್ಲ ಬಾಯಿ ಹಾಕುವ ನಾನು ಅಂದು ಮಾತ್ರ ಸುಮ್ಮನಿದ್ದೆ. ಚಿಕ್ಕಪ್ಪ ಸಂಜೆಯೆಲ್ಲ ಸೋಪು, ಸೀಮೆಎಣ್ಣೆ, ಕಾಲುಚೀಲ ಏನೇನೋ ಹಿಡಿದು ಅಭ್ಯಾಸ ಮಾಡಿಸಿದರು. ಚಿಕ್ಕಮ್ಮ ಎದೆ ಕದಲದ ಹಾಗೆ ಉಸಿರು ಕಟ್ಟುವುದನ್ನು ಚೆನ್ನಾಗಿಯೇ ಕಲಿತಳು.

ಡಾಕ್ಟರಮ್ಮನ ಕೋಣೆ ಸಣ್ಣದು. ನಾವು ಮೂವರು, ಡಾಕ್ಟರಮ್ಮ, ಕಂಪನಿಯ ಕಡೆಯಿಂದ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ. ಅವನು ಬಂದಾಗಿನಿಂದ ಚಿಕ್ಕಮ್ಮನನ್ನೇ ದಿಟ್ಟಿಸುತ್ತಿದ್ದ. ನನಗಂತೂ ಅವನ ಪೆನ್ನು ಕಿತ್ತು ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು. ಮೇಜಿನ ಮೇಲೆ ಹೆಸರಿಲ್ಲದ ಕಂದು ಬಾಟಲಿಗಳಿದ್ದವು. ಚಿಕ್ಕಮ್ಮನ ಕಣ್ಣಿಗೆ ಬಟ್ಟೆ ಕಟ್ಟಿದರು.

ಒಂದೊಂದೇ ಬಾಟಲಿ ಅವಳ ಮೂಗಿನ ಕೆಳಗೆ ಬಂತು. ಕಾಫಿಪುಡಿ, ಕಿತ್ತಳೆ ಸಿಪ್ಪೆ, ಲವಂಗ. ನಾನು ಕೂತಿದ್ದಲ್ಲಿಗೇ ಘಮ್ಮೆನ್ನುತ್ತಿತ್ತು. “ಇಲ್ಲ” ಎಂದಳು ಚಿಕ್ಕಮ್ಮ. “ಇಲ್ಲ.” “ಏನೂ ಇಲ್ಲ.” ಚಿಕ್ಕಪ್ಪ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಕೊನೆಯ ಬಾಟಲಿಯ ಮುಚ್ಚಳ ತೆರೆದಾಗ ನನ್ನ ಕಣ್ಣೇ ಚುರುಗುಟ್ಟಿತು. ಚಿಕ್ಕಮ್ಮ ಕಲ್ಲಿನ ಹಾಗೆ ಕೂತಿದ್ದಳು. “ಇಲ್ಲ” ಎಂದಳು.

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಅವರು ಬಾಯಿ ತೆರೆಯುವ ಮೊದಲೇ ಕಂಪನಿಯವನು ಕುರ್ಚಿಯಿಂದ ಎದ್ದುಬಿಟ್ಟ.

“ಸಿಕ್ಕಿಬಿದ್ರು ನೋಡಿ ಮೇಡಂ! ಅದು ಅಮೋನಿಯಾ. ಮೂಗು ಕೆಟ್ಟವ್ರಿಗೂ ಅದು ಉರಿಯುತ್ತೆ, ತಲೆ ಹಿಂದಕ್ಕೆ ಎಳ್ಕೊಳ್ಳೇಬೇಕು. ಅದೂ ಇಲ್ಲ ಅನ್ನೋರು ಸುಳ್ಳುಗಾರರು ಮಾತ್ರ.”

ಚಿಕ್ಕಪ್ಪನ ಮುಖ ಬಿಳುಚಿಕೊಂಡಿತು. ನಿಜವಾಗಿ ಮೂಗು ಕಳೆದುಕೊಂಡವಳನ್ನು ನಾವೇ ಕೂರಿಸಿ, ಅಭ್ಯಾಸ ಮಾಡಿಸಿ, ಸುಳ್ಳಿ ಮಾಡಿಬಿಟ್ಟಿದ್ದೆವು.

“ತಪ್ಪು ನಂದು ಮೇಡಂ, ಉಸಿರು ಕಟ್ಕೋ ಅಂತ ಹೇಳಿದ್ದು ನಾನು” ಎಂದು ಚಿಕ್ಕಪ್ಪ ತೊದಲಿದರು. “ಇನ್ನೊಂದ್ಸಲ ನೋಡಿ, ದಮ್ಮಯ್ಯ ಅಂತೀನಿ.”

“ಇನ್ನೇನ್ ನೋಡೋದು? ಗುಟ್ಟು ಗೊತ್ತಾಯ್ತಲ್ಲ, ಈಗ ಬೇಕಾದ್ರೆ ನಾಲ್ಕು ಸಲ ಮುಖ ಕಿವುಚ್ತಾರೆ” ಎಂದ ಕಂಪನಿಯವನು.

“ಗುಟ್ಟು ಬಿಟ್ಟುಕೊಟ್ಟಿದ್ದು ನೀವು. ಕೂತ್ಕೊಳ್ಳಿ” ಎಂದು ಡಾಕ್ಟರಮ್ಮ ಗದರಿದರು. ಆದರೆ ಅವರಿಗೂ ದಾರಿ ತೋಚುತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಕುಟ್ಟುತ್ತಿದ್ದು, ಆಮೇಲೆ ಚಿಕ್ಕಮ್ಮನ ಕಣ್ಣಿನ ಬಟ್ಟೆ ಬಿಚ್ಚಿದರು. “ತಗೊಳ್ಳಿ ಅಮ್ಮ. ನೀವೇ ಹಿಡ್ಕೊಂಡು ಸರಿಯಾಗಿ ಉಸಿರೆಳ್ಕೊಳ್ಳಿ.”

ಚಿಕ್ಕಮ್ಮ ಯಾರ ಮುಖವನ್ನೂ ನೋಡಲಿಲ್ಲ. ಬಾಟಲಿಯನ್ನು ಮೂಗಿಗೆ ಒತ್ತಿ, ಎದೆ ತುಂಬ ಎಳೆದಳು. ಮರುಕ್ಷಣ ತಲೆ ಹಿಂದಕ್ಕೆ ಹಾರಿತು. ಕೆಮ್ಮು, ಸೀನು, ಕಣ್ಣಲ್ಲಿ ಧಾರಾಕಾರ ನೀರು. ಆ ನೀರಿನ ನಡುವೆಯೇ ಅವಳ ಮುಖ ಅರಳತೊಡಗಿತು. ಅಪಘಾತವಾದ ಮೇಲೆ ಆ ಮುಖವನ್ನು ನಾನು ಕಂಡಿರಲಿಲ್ಲ.

“ಬಂತು ರೀ!” ಎಂದು ಕೂಗಿಕೊಂಡಳು. “ವಾಸನೆ ಬಂತು! ನನ್ನ ಮೂಗು ಸತ್ತಿಲ್ಲ!”

“ಸುಮ್ನಿರೇ” ಎಂದರು ಚಿಕ್ಕಪ್ಪ.

“ಯಾಕ್ ಸುಮ್ನಿರ್ಬೇಕು? ಬಂತು ಅಂತಿದೀನಲ್ಲ!”

“ಬರ್ಕೊಳ್ಳಿ ಮೇಡಂ, ಅವ್ರೇ ಹೇಳ್ತಿದಾರೆ” ಎಂದ ಕಂಪನಿಯವನು.

ಡಾಕ್ಟರಮ್ಮ ಬರೆಯಲಿಲ್ಲ. ಚಿಕ್ಕಮ್ಮನ ಕೈ ಹಿಡಿದು ಮೆತ್ತಗೆ ಹೇಳಿದರು: “ಅಮ್ಮ, ಅದು ವಾಸನೆ ಅಲ್ಲ. ಬರೀ ಉರಿ. ಉರಿ ತಿಳಿಯೋ ನರ ಬೇರೆ.”

“ನಂಗೆ ಗೊತ್ತಾಗಲ್ವಾ? ಕೊಡಿ ಇಲ್ಲಿ” ಎಂದು ಚಿಕ್ಕಮ್ಮ ತಾನೇ ಕಾಫಿಪುಡಿಯ ಬಾಟಲಿ ಎಳೆದುಕೊಂಡಳು. ಮೂಗಿಗೆ ಹಿಡಿದು ಎಳೆದಳು. ಇನ್ನೂ ಹತ್ತಿರ ಹಿಡಿದಳು. ಮೂಗಿನ ತುದಿಗೆ ಪುಡಿ ಮೆತ್ತಿಕೊಂಡಿತು. ಅದನ್ನಿಟ್ಟು ಕಿತ್ತಳೆ ಸಿಪ್ಪೆ, ಅದನ್ನಿಟ್ಟು ಲವಂಗ, ಮತ್ತೆ ಕಾಫಿಪುಡಿ. ಕೋಣೆಯೆಲ್ಲ ಘಮಘಮ. ಅವಳ ನಗು ಮಾತ್ರ ಒಂದೊಂದು ಬಾಟಲಿಗೂ ಸ್ವಲ್ಪ ಸ್ವಲ್ಪ ಇಳಿಯುತ್ತ ಬಂತು. ನನಗೆ ನೋಡಲಾಗಲಿಲ್ಲ, ಅತ್ತುಬಿಟ್ಟೆ. ಕಂಪನಿಯವನು ಪೆನ್ನಿನ ಮುಚ್ಚಳ ಹಾಕಿ ನೆಲ ನೋಡತೊಡಗಿದ. ಇಷ್ಟು ನೋಡಿದ ಮೇಲೆ ಯಾರಿಗೂ ಸಾಕ್ಷಿ ಬೇಕಿರಲಿಲ್ಲ.

“ಏನೂ ಇಲ್ಲ” ಎಂದಳು ಚಿಕ್ಕಮ್ಮ, ಚಿಕ್ಕಪ್ಪನನ್ನೇ ನೋಡುತ್ತ.

ನಾವು ಗೆದ್ದಂತೆಯೇ ಆಗಿತ್ತು. ಆದರೆ ಚಿಕ್ಕಪ್ಪ ಕುರ್ಚಿಯಿಂದ ಜಾರಿ ಅವಳ ಮುಂದೆ ಮಂಡಿಯೂರಿ, ಕಾಫಿಪುಡಿಯ ಬಾಟಲಿಯನ್ನು ತಾವೇ ಎತ್ತಿ ಅವಳ ಮೂಗಿನ ಹತ್ತಿರ ಹಿಡಿದರು.

“ನಿಧಾನಕ್ಕೆ ಎಳಿಯೇ. ಅವಸರ ಮಾಡ್ಬೇಡ. ದುಡ್ಡು ಹಾಳಾಗಿ ಹೋಗ್ಲಿ. ಇನ್ನೊಂದ್ಸಲ ನೋಡು, ಚೂರಾದ್ರೂ ಬರುತ್ತೇನೋ.”

ಡಾಕ್ಟರಮ್ಮ ಆಗಲೇ ವರದಿ ಬರೆಯತೊಡಗಿದ್ದರು.