ದೂರು ಕೊಡಲು ಅನುಮತಿ

ಸೋರುವ ಮನೆಗೆ ಬಂದ ನೆಂಟರು ಕುಶಲ ಕೇಳುವ ಮೊದಲು ಕತ್ತೆತ್ತಿ ಸೀಲಿಂಗ್ ನೋಡುತ್ತಾರೆಂಬುದು, ಬಟವಾಡಿ ಬಡಾವಣೆಯ ನಮ್ಮ ಮನೆಯ ಹಜಾರದಲ್ಲಿ ತೇವದ ಕಲೆ ಮೂಡಿದ ಮೇಲೆ ನನಗಾದ ಜ್ಞಾನೋದಯ. ಜೀವಮಾನವೆಲ್ಲ ಕನ್ನಡ ಪಾಠ ಮಾಡಿದ ನನಗೆ ಸಿಮೆಂಟಿನ ವಿಷಯದಲ್ಲಿರುವ ಪಾಂಡಿತ್ಯ, ಅದು ಬೂದು ಬಣ್ಣದ್ದು ಎನ್ನುವಷ್ಟೇ.

ಹೀಗಿರುವಾಗ ಕರೆಯದೆಯೇ ಒಬ್ಬ ಕಂಟ್ರಾಕ್ಟರ್ ಬಂದ. ಬೆಣ್ಣೆಯಂಥ ಮಾತು. ಒಬ್ಬನೇ ತಾರಸಿ ಹತ್ತಿಳಿದು, ಎಲ್ಲವನ್ನೂ ಅಗೆದು ಹೊಸದಾಗಿ ಹಾಕಬೇಕೆಂದೂ, ಮನೆಗೆ ಇನ್ಶೂರೆನ್ಸ್ ಇರುವುದರಿಂದ ನಾನು ಕಾಸು ಬಿಚ್ಚಬೇಕಿಲ್ಲವೆಂದೂ ಹೇಳಿದ. ಪಕ್ಕದ ಮನೆಯ ಟ್ಯಾಂಕ್ ಒಡೆದು ನೀರು ನುಗ್ಗಿತೆಂದು ಬರೆದುಕೊಟ್ಟರಾಯಿತಂತೆ.

"ಒಂದು ಸೈನ್ ಹಾಕಿ ಸಾರ್, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಪಕ್ಕದ ಮನೆ ಬಟ್ಟೆ ಅಂಗಡಿಯ ರಹಮತ್ ಸಾಹೇಬರದು. ನಮ್ಮ ತಾರಸಿಗಳ ನಡುವೆ ಇರುವುದು ಮೊಣಕಾಲೆತ್ತರದ ಮೋಟುಗೋಡೆ. ನನ್ನವಳ ಸಂಡಿಗೆ ಒಣಗುವುದು ಅವರ ಕಡೆಯ ಬಿಸಿಲಿನಲ್ಲಿ. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನನಗೆ ಊಟ ಬಂದದ್ದು ಆ ಗೋಡೆ ದಾಟಿಯೇ. ಅಂಥವರ ಮೇಲೆ ಸುಳ್ಳು ದೂರು ಬರೆಯುವುದುಂಟೆ? ಆದರೆ ಆಗುವುದಿಲ್ಲವೆಂದು ಮುಖಕ್ಕೆ ಹೇಳುವುದೂ ನನ್ನಿಂದಾಗದ ಕೆಲಸ. ಕೊನೆಗೆ, ದಾಕ್ಷಿಣ್ಯದ ಪರಮಾವಧಿ ಎನ್ನಿ, ಅವನಿಗೆ ನಾಳೆ ಬಾ ಎಂದು ಹೇಳಿ ಕಳಿಸಿ, ಸಾಹೇಬರ ಮೇಲೆ ದೂರು ಕೊಡಲು ಸಾಹೇಬರದೇ ಅನುಮತಿ ಕೇಳೋಣವೆಂದು ತಾರಸಿ ಹತ್ತಿದೆ.

ಗೋಡೆಯ ಬಳಿ ಅವರೇ ಸಪ್ಪೆ ಮುಖ ಹೊತ್ತು ನಿಂತಿದ್ದರು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನಿಮ್ಮ ಟ್ಯಾಂಕ್ ಒಡೆದು ನಮ್ಮ ಮನೆ ಸೋರ್ತಿದೆ ಅಂತ ಬರ್ಕೊಡಿ ಅಂತ ಒಬ್ಬ ಬೆನ್ನು ಬಿದ್ದವ್ನೆ. ನಿಮ್ಮನ್ನ ಕೇಳ್ದೆ ಹೆಂಗೆ ಬರೀಲಿ?"

ನಾನು ಬಂದ ಕಾರಣವನ್ನೂ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೋಡಿದರೆ ಎರಡು ಟ್ಯಾಂಕುಗಳೂ ಗಟ್ಟಿಮುಟ್ಟಾಗಿದ್ದವು. ಮಳೆನೀರು ಇಳಿಯುವ ಪೈಪುಗಳ ಬಾಯಿಗೆ ಹೊಂಗೆ ಎಲೆ ಕಟ್ಟಿಕೊಂಡು ಎರಡೂ ಕಡೆ ನೀರು ನಿಂತಿತ್ತು. ಪಂಚೆ ಎತ್ತಿ ಕಟ್ಟಿ ಕೈಯಿಂದಲೇ ಬಾಚಿ ತೆಗೆದೆವು.

ಮರುದಿನ ಮೋಟುಗೋಡೆಯ ಮೇಲೆ ಒಟ್ಟಿಗೆ ಕೂತು ಟೀ ಕುಡಿಯುತ್ತಿದ್ದ ನಮ್ಮನ್ನು ಬೀದಿಯಿಂದಲೇ ಕಂಡ ಕಂಟ್ರಾಕ್ಟರ್, ಬೈಕಿನಿಂದ ಇಳಿಯದೆ ಹಾಗೆಯೇ ತಿರುಗಿಸಿಕೊಂಡು ಹೋದ. ನನಗೆ ನಗು ಬಂತು; ಸಾಹೇಬರು ಮಾತ್ರ ನಗಲಿಲ್ಲ.

"ನೀವೇ ಮೊದ್ಲು ಕೇಳಿದ್ದಿದ್ರೆ, ಬರ್ಕೊಳ್ಳಿ ಅಂದ್ಬಿಡ್ತಿದ್ದೆ ಮೇಷ್ಟ್ರೇ," ಎಂದರು ಮೆಲ್ಲಗೆ.

ಹಿಂದಿನ ದಿನ ಅವರು ಕೇಳಿದಾಗ, ನಗು ಬರುವುದಕ್ಕೆ ಒಂದು ಕ್ಷಣ ಮುಂಚೆ, ನನ್ನ ಬಾಯಿಗೂ ಬಂದಿದ್ದ ಮಾತು ಅದೇ.